ಬಾಕ್ಸಿಂಗ್ ಬೌಟ್‌ಗೆ ಮುಂಚೆ ಮಕ್ಕಳ ನೀರು ನಿಲ್ಲಿಸಬೇಡಿ

ಜಿಲ್ಲಾ ಮಟ್ಟದ ಬಾಕ್ಸಿಂಗ್ ಪಂದ್ಯ ಹತ್ತಿರ ಬಂತು ಅಂದರೆ ಜಿಮ್‌ಗಳಲ್ಲಿ ಒಂದೇ ಮಾತು, ಆಡುವ ತೂಕದ ವಿಭಾಗಕ್ಕೆ ಮೈತೂಕ ಇಳಿಸುವುದು. "ಎಷ್ಟು ಇಳಿಸಬೇಕೋ?" "ಮೂರು ಕೆಜಿ." "ಎಷ್ಟು ದಿನ ಇದೆ?" "ನಾಲ್ಕು." ಕೇಳಿದವರು ಯಾರೂ ಗಾಬರಿಯಾಗುವುದಿಲ್ಲ. ನನಗೆ ಗಾಬರಿಯಾಗುತ್ತದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಮಕ್ಕಳನ್ನು ಬಾಕ್ಸಿಂಗ್‌ಗೆ ಕಳಿಸುವ ಅಪ್ಪ ಅಮ್ಮಂದಿರು ದಯವಿಟ್ಟು ಪೂರ್ತಿ ಓದಿ.

ನಾಲ್ಕು ದಿನದಲ್ಲಿ ಮೂರು ಕೆಜಿ ಕೊಬ್ಬು ಕರಗುವುದಿಲ್ಲ. ಒಂದು ಕೆಜಿ ಕೊಬ್ಬು ಅಂದರೆ ಸುಮಾರು 7,700 ಕ್ಯಾಲರಿ. ದಿನಕ್ಕೆ 2,500 ಕ್ಯಾಲರಿ ಖರ್ಚು ಮಾಡುವ ಹುಡುಗ ನಾಲ್ಕು ದಿನ ಏನೂ ತಿನ್ನದೇ ಇದ್ದರೂ ಲೆಕ್ಕಕ್ಕೆ ಬರುವುದು ಒಂದೂಕಾಲು ಕೆಜಿ ಆಸುಪಾಸು. ಮಿಕ್ಕಿದ್ದು ಹೊಟ್ಟೆಯೊಳಗಿನ ಊಟ ಮತ್ತು ನೀರು. ಜಾಸ್ತಿ ನೀರೇ. ಮೈಯಿಂದ ಹಿಂಡಿ ತೆಗೆದ ನೀರು.

ದೊಡ್ಡವರಿಗೇ ಇದು ಎಷ್ಟು ಕಷ್ಟ ಅಂತ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನೋಡಿದ್ದೇವೆ. ನಿಖತ್ ಜರೀನ್ ಬಾಕ್ಸಿಂಗ್‌ನಲ್ಲಿ ಎರಡು ಸಲ ವಿಶ್ವ ಚಾಂಪಿಯನ್. 2022ರಲ್ಲಿ 52 ಕೆಜಿಯಲ್ಲಿ ಗೆದ್ದವರು. ಒಲಿಂಪಿಕ್ಸ್‌ನಲ್ಲಿ ಆ ತೂಕ ಇಲ್ಲ, ಹಾಗಾಗಿ 50ಕ್ಕೆ ಇಳಿದರು. ಪ್ಯಾರಿಸ್‌ನಲ್ಲಿ ಚೀನಾದ ವು ಯು ಎದುರು 5-0 ಅಂತರದಲ್ಲಿ ಸೋತ ಮೇಲೆ ಅವರೇ ಹೇಳಿದರು, ತೂಕಕ್ಕಾಗಿ ಎರಡು ದಿನದಿಂದ ಊಟ ಇಲ್ಲ, ನೀರು ಕುಡಿದದ್ದು ತೂಕ ಹಾಕಿಸಿದ ಮೇಲೆ, ಸುಧಾರಿಸಿಕೊಳ್ಳಲು ಸಮಯವೇ ಸಿಗಲಿಲ್ಲ ಅಂತ. ಎದುರಾಳಿ ಕೊನೆಗೆ ಚಿನ್ನ ಗೆದ್ದಾಕೆ, ಸಾಮಾನ್ಯರಲ್ಲ. ಆದರೂ ಆ ಮಾತು ಕೇಳಿ ನನಗೆ ತುಂಬ ಬೇಜಾರಾಯಿತು. ಅದೇ ವಾರ ಬಿಟ್ಟು ಮುಂದಿನ ವಾರ ಕುಸ್ತಿಯಲ್ಲಿ ವಿನೇಶ್ ಫೋಗಟ್ ಅವರನ್ನು ಫೈನಲ್‌ನಿಂದ ಹೊರಗಿಟ್ಟ ಆ ಹೆಚ್ಚುವರಿ 100 ಗ್ರಾಂ. ಅದನ್ನು ಮತ್ತೆ ಹೇಳುವ ಅಗತ್ಯ ಇಲ್ಲ, ಎಲ್ಲರಿಗೂ ಗೊತ್ತಿದೆ.

ಇವರಿಗೆಲ್ಲ ಡಾಕ್ಟರ್, ಫಿಸಿಯೋ, ಊಟ ನೋಡಿಕೊಳ್ಳುವವರು ಜೊತೆಗಿದ್ದರು. ನಮ್ಮ ಹುಡುಗನ ಜೊತೆ ಯಾರಿದ್ದಾರೆ? ಒಂದು ಯೂಟ್ಯೂಬ್ ವಿಡಿಯೋ ಇದೆ ಅಷ್ಟೇ.

ಆ ವಿಡಿಯೋಗಳಲ್ಲೇ ದೊಡ್ಡ ತೊಂದರೆ ಇರುವುದು. ಅವು ಹೆಚ್ಚಾಗಿ ಪ್ರೊಫೆಶನಲ್ ಬಾಕ್ಸರ್‌ಗಳವು. ಅವರಿಗೆ ಹಿಂದಿನ ದಿನವೇ ತೂಕ. ಆಮೇಲೆ ಸುಮಾರು ಒಂದಿಡೀ ದಿನ ಕುಡಿದು, ತಿಂದು, ಮಲಗಿ ಎದ್ದು ರಿಂಗ್‌ಗೆ ಬರುತ್ತಾರೆ. ಅದೂ ಅಪಾಯವೇ, ಆದರೆ ಅವರಿಗೆ ಸಮಯ ಇದೆ. ನಮ್ಮ ಮಕ್ಕಳು ಆಡುವ ಅಮೆಚೂರ್ ಬಾಕ್ಸಿಂಗ್‌ನಲ್ಲಿ ಬೆಳಿಗ್ಗೆ ತೂಕ, ಅವತ್ತೇ ಬೌಟ್. ಗೆದ್ದರೆ ಮುಂದಿನ ಬೌಟ್ ದಿನ ಬೆಳಿಗ್ಗೆ ಮತ್ತೆ ತೂಕ. ಅಂದರೆ ಟೂರ್ನಮೆಂಟ್ ಮುಗಿಯುವ ತನಕ ಹುಡುಗ ಅದೇ ತೂಕದಲ್ಲಿ ಇರಬೇಕು. ಒಂದು ಸಲ ನೀರು ಹಿಂಡಿ ದಾಟಿದರೆ ಮುಗಿಯಿತು ಅನ್ನುವ ಲೆಕ್ಕ ಇಲ್ಲಿ ನಡೆಯುವುದೇ ಇಲ್ಲ.

ಇನ್ನೊಂದು ವಿಷಯ, ನನ್ನ ಪ್ರಕಾರ ಇದೇ ಮುಖ್ಯ. ಬಾಕ್ಸಿಂಗ್‌ನಲ್ಲಿ ಏಟು ಬೀಳುವುದು ತಲೆಗೆ. ಮೈತೂಕದ ಶೇ. 2ರಷ್ಟು ನೀರು ಹೋದರೂ ಸಾಕು, ದಮ್ಮು ಕಡಿಮೆಯಾಗುತ್ತದೆ, ಕಣ್ಣು ಕೈ ನಿಧಾನವಾಗುತ್ತವೆ. 60 ಕೆಜಿ ಹುಡುಗನಿಗೆ ಅದು ಬರೀ 1.2 ಲೀಟರ್. ಮೈ ಒಣಗಿದಾಗ ತಲೆಗೆ ಬಿದ್ದ ಏಟು ಇನ್ನೂ ಅಪಾಯ ಅಂತ ವೈದ್ಯರು ಎಚ್ಚರಿಸುತ್ತಲೇ ಇದ್ದಾರೆ. 2013ರಲ್ಲಿ ಹಿರಿಯ ಪುರುಷರ ಅಮೆಚೂರ್ ಪಂದ್ಯಗಳಿಂದ ತಲೆ ಕಾಯುವ ಹೆಡ್‌ಗಾರ್ಡ್ ಕೂಡ ತೆಗೆದರು. ಹೀಗಿರುವಾಗ ಒಣಗಿದ ಹುಡುಗನನ್ನು ಮೂರು ರೌಂಡ್ ಏಟು ತಿನ್ನಲು ನಿಲ್ಲಿಸುವುದು ಎಂಥ ಕೋಚಿಂಗ್?

ಒಂದು ಪಂದ್ಯದ ಹಿಂದಿನ ಸಂಜೆ ನೋಡಿದ್ದು ಹೇಳುತ್ತೇನೆ. ಮಕ್ಕಳು ಉಳಿದುಕೊಂಡಿದ್ದ ಕಟ್ಟಡದ ಟೆರೇಸ್ ಮೇಲೆ ಒಬ್ಬ ಹುಡುಗ ಸ್ಕಿಪ್ಪಿಂಗ್ ಮಾಡುತ್ತಿದ್ದ. ಎರಡು ಸ್ವೆಟರ್, ಅದರ ಮೇಲೆ ರೇನ್‌ಕೋಟ್, ಒಳಗೆ ಹೊಟ್ಟೆಗೆ ಸುತ್ತಿದ ಪ್ಲಾಸ್ಟಿಕ್ ಕವರ್. ಪಕ್ಕದಲ್ಲಿ ಒಂದು ಬಾಟಲಿ. ಅದು ಕುಡಿಯಲು ಇಟ್ಟದ್ದಲ್ಲ. ಮೈಯ ನೀರು ಇನ್ನಷ್ಟು ಹೋಗಲಿ ಅಂತ ಚ್ಯೂಯಿಂಗ್ ಗಮ್ ಅಗಿದು ಅಗಿದು ಅದರೊಳಗೆ ಉಗುಳುತ್ತಿದ್ದ. ತುಟಿ ಒಡೆದಿತ್ತು, ನಾಲಿಗೆ ಬೆಳ್ಳಗೆ. "ಮೂತ್ರಕ್ಕೆ ಹೋಗಿ ಎಷ್ಟೊತ್ತಾಯ್ತೋ?" ಅಂತ ಕೇಳಿದೆ. "ಬೆಳಿಗ್ಗೆ ಅಣ್ಣ, ಸ್ವಲ್ಪನೇ ಬಂತು, ಟೀ ಡಿಕಾಕ್ಷನ್ ತರ" ಅಂದ. ಇನ್ನು 800 ಗ್ರಾಂ ಅಂತೆ. ಸಾಕು ನಿಲ್ಲಿಸು ಅಂದರೆ, "ಸರ್ ಬೈತಾರೆ" ಅಂದ. ಮರುದಿನ ತೂಕ ಸರಿಯಾಗಿ ಬಂತು. ಎರಡನೇ ರೌಂಡ್‌ಗೆ ಮುಖ ಕಾಯಲು ಕೈ ಎತ್ತಲೇ ಆಗಲಿಲ್ಲ. ರೆಫರಿ ಬೌಟ್ ನಿಲ್ಲಿಸಿದರು, ಪುಣ್ಯಾತ್ಮ.

1997ರ ನವೆಂಬರ್ ಮತ್ತು ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಹೀಗೇ ಸತ್ತರು. ಗಾಳಿಯಾಡದ ಸೂಟ್ ಹಾಕಿಕೊಂಡು, ಬಿಸಿ ಜಾಗದಲ್ಲಿ ವ್ಯಾಯಾಮ ಮಾಡುತ್ತಾ, ತೂಕ ಇಳಿಸುತ್ತಾ. ಆಮೇಲೆ ಅಲ್ಲಿನ ಕಾಲೇಜು ಕುಸ್ತಿಯಲ್ಲಿ ಆ ಸೂಟನ್ನೂ ಸೌನಾ ಅನ್ನುವ ಬಿಸಿ ಕೋಣೆಯನ್ನೂ ನಿಷೇಧಿಸಿದರು. ಆ ಟೆರೇಸ್ ಮೇಲಿನ ರೇನ್‌ಕೋಟ್ ಮಾಡುವುದೂ ಅದೇ ಕೆಲಸ. ಬೆವರು ಆರಲು ಬಿಡುವುದಿಲ್ಲ, ಮೈ ಕಾಯುತ್ತಾ ಹೋಗುತ್ತದೆ, ತಣ್ಣಗಾಗಲು ದಾರಿ ಇರುವುದಿಲ್ಲ.

ಮೂತ್ರ ಹೋಗುವ ಮಾತ್ರೆ, ಭೇದಿ ಮಾತ್ರೆ ಕೊಡುವವರೂ ಇದ್ದಾರೆ. ಮೂತ್ರ ಹೋಗಿಸುವ ಫ್ಯುರೋಸೆಮೈಡ್‌ನಂಥ ಮಾತ್ರೆ, ಡೋಪಿಂಗ್ ತಡೆಯುವ ವಿಶ್ವ ಸಂಸ್ಥೆ ವಾಡಾದ ನಿಷೇಧಿತ ಪಟ್ಟಿಯಲ್ಲಿದೆ. ಸಿಕ್ಕಿಬಿದ್ದರೆ ಡೋಪಿಂಗ್ ಕೇಸ್. ಸಿಕ್ಕಿಬೀಳದಿದ್ದರೂ ಪೊಟ್ಯಾಸಿಯಂ ಇಳಿದು ಹೃದಯದ ಬಡಿತ ಏರುಪೇರಾಗಬಹುದು. ಇದರ ಬಗ್ಗೆ ಚರ್ಚೆಗೂ ನಾನು ತಯಾರಿಲ್ಲ.

ಹಾಗಾದರೆ ಇಳಿಸಲೇಬಾರದಾ? ಇಳಿಸಬಹುದು, ನಿಧಾನವಾಗಿ. ವಾರಕ್ಕೆ ಮೈತೂಕದ ಶೇ. 1ರ ಒಳಗೆ. 62 ಕೆಜಿ ಇರುವ ದೊಡ್ಡ ಹುಡುಗ 60ಕ್ಕೆ ಬರಬೇಕು ಅಂದರೆ ನಾಲ್ಕು ವಾರ ಕೊಡಿ. ಮುದ್ದೆ, ಅನ್ನ ಪೂರ್ತಿ ಬಿಡಿಸಬೇಡಿ, ಅದಿಲ್ಲದೆ ಸ್ಪಾರಿಂಗ್ (ಅಭ್ಯಾಸದ ಬೌಟ್) ಮಾಡಲು ಶಕ್ತಿ ಎಲ್ಲಿಂದ ಬರುತ್ತದೆ? ರಾತ್ರಿಯ ಪಾಲು ಸ್ವಲ್ಪ ಕಡಿಮೆ ಮಾಡಿ. ಮೊಟ್ಟೆ, ಕಾಳು, ಮೊಸರು ಹಾಗೇ ಇರಲಿ. ಬೇಕರಿ, ಬೋಂಡಾ, ಜ್ಯೂಸ್, ಸಂಜೆಯ ಚಿಪ್ಸ್ ನಿಲ್ಲಿಸಿದರೇ ಅರ್ಧ ಕೆಲಸ ಆಯಿತು. ಕೊನೆಯ ವಾರ ಉಪ್ಪಿನಕಾಯಿ, ಹಪ್ಪಳ ಬೇಡ, ಮೈಯಲ್ಲಿ ನಿಂತ ನೀರು ತಾನೇ ಇಳಿಯುತ್ತದೆ. ಕೊನೆಯ ಒಂದೆರಡು ದಿನ ಸೊಪ್ಪು, ಕಾಳು, ಹಸಿ ತರಕಾರಿ ಕಡಿಮೆ ಮಾಡಿ ಮೊಸರನ್ನ, ಮೊಟ್ಟೆ, ಇಡ್ಲಿ ಕೊಡಿ. ನಾರಿನ ಅಂಶ ಕಡಿಮೆಯಾದರೆ ಕರುಳಿನಲ್ಲಿರುವ ಭಾರವೂ ಕಡಿಮೆಯಾಗುತ್ತದೆ. ರಾತ್ರಿ ಮಲಗಿ ಎದ್ದರೆ ಉಸಿರು, ಮೂತ್ರದಲ್ಲೇ ಅರ್ಧ ಕೆಜಿಯಷ್ಟು ಹೋಗಿರುತ್ತದೆ. ನೀರು ಮಾತ್ರ ಕುಡಿಯುತ್ತಲೇ ಇರಬೇಕು.

ತೂಕ ಆದ ಮೇಲೆ ಬಿರಿಯಾನಿಗೆ ಓಡಿಸಬೇಡಿ. ಓಆರ್‌ಎಸ್ ಗುಟುಕು ಗುಟುಕಾಗಿ, ಬಾಳೆಹಣ್ಣು, ಇಡ್ಲಿ. ಗಟಗಟ ಕುಡಿದರೆ ಹೊಟ್ಟೆ ಭಾರವಾಗುತ್ತದೆ ಅಷ್ಟೇ.

ಹೆಣ್ಣುಮಕ್ಕಳ ವಿಷಯ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮುಟ್ಟಿನ ಮುಂಚಿನ ದಿನಗಳಲ್ಲಿ ಮೈಯಲ್ಲಿ ನೀರು ನಿಂತು ತೂಕ ಏರುವುದು ಸಹಜ. "ಕದ್ದು ತಿಂದಿದೀಯಾ" ಅಂತ ಗದರುವ ಮುಂಚೆ ಇದು ಗೊತ್ತಿರಲಿ. ತಿಂಗಳುಗಟ್ಟಲೆ ಮುಟ್ಟು ನಿಂತರೆ ಅದು ಊಟ ಸಾಲುತ್ತಿಲ್ಲ ಅನ್ನುವುದರ ಗುರುತು ಇರಬಹುದು, ಡಾಕ್ಟರಿಗೆ ತೋರಿಸಬೇಕು.

ಈಗ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಬಾಕ್ಸಿಂಗ್ ಮಾಡಿರುವ ತೂಕಗಳಲ್ಲಿ ಹಿರಿಯ ಗಂಡಸರಿಗೆ 50, 55, 60, 65 ಹೀಗೆ ಐದೈದು ಕೆಜಿ ಅಂತರ. 62 ಇರುವವನು ಮಧ್ಯದಲ್ಲಿ ಸಿಕ್ಕಿಕೊಳ್ಳುತ್ತಾನೆ, ನಿಜ. ಆದರೆ ಅವನ ವಯಸ್ಸು 19 ಆಗಿದ್ದು, ಇನ್ನೂ ಮೈ ತುಂಬುತ್ತಿದ್ದರೆ, ನಾನು 65 ಅಂತಲೇ ಹೇಳುತ್ತೇನೆ. ಸೋತರೂ ಹೊಟ್ಟೆ ತುಂಬಿ, ಕಲಿತು ಸೋಲುತ್ತಾನೆ. 17ರ ಒಳಗಿನ ಮಕ್ಕಳಿಗಂತೂ ತೂಕ ಇಳಿಸುವ ಮಾತೇ ಬೇಡ. ಬೆಳೆಯುವ ಮೈಗೆ ಹೊಸ ತೂಕ ಬಂದರೆ ಹೊಸ ವಿಭಾಗಕ್ಕೆ ಹೋಗಲಿ.

"ಮೇರಿ ಕೋಮ್ ನಾಲ್ಕು ಗಂಟೆಯಲ್ಲಿ ಎರಡು ಕೆಜಿ ಇಳಿಸಿಲ್ವಾ?" ಅಂತ ಕೇಳುತ್ತಾರೆ. ಹೌದು, 2018ರಲ್ಲಿ ಪೋಲೆಂಡ್‌ನಲ್ಲಿ. ಬೆಳಗಿನ ಜಾವ ವಿಮಾನ ಇಳಿದು, ಒಂದು ಗಂಟೆ ಸ್ಕಿಪ್ಪಿಂಗ್ ಮಾಡಿ 48 ಕೆಜಿಗೆ ಬಂದು ಚಿನ್ನವನ್ನೂ ಗೆದ್ದರು. ಅವರ ಮೇಲೆ ನನಗೆ ಅಪಾರ ಗೌರವ. ಆಗಲೇ ಐದು ಸಲ ವಿಶ್ವ ಚಾಂಪಿಯನ್ ಆಗಿದ್ದವರು, ತಮ್ಮ ಮೈ ಎಷ್ಟು ತಡೆಯುತ್ತದೆ ಅಂತ ವರ್ಷಗಳಿಂದ ಬಲ್ಲವರು. ಪಿಯುಸಿ ಹುಡುಗನ ಮುಂದೆ ಆ ಕಥೆ ಹೇಳಿ ಹುರಿದುಂಬಿಸುವ ಕೋಚ್‌ಗಳೇ, ದಯವಿಟ್ಟು ಬೇಡ.

ಅಪ್ಪ ಅಮ್ಮಂದಿರು ಒಂದು ಕೆಲಸ ಮಾಡಿ. ಫಾರಂನಲ್ಲಿ ತೂಕದ ವಿಭಾಗ ಬರೆಯುವ ಮುಂಚೆ ಒಂದು ವಾರ ದಿನಾ ಬೆಳಿಗ್ಗೆ, ಟಾಯ್ಲೆಟ್‌ಗೆ ಹೋಗಿ ಬಂದ ಮೇಲೆ, ಮಗುವಿನ ತೂಕ ನೋಡಿ ಬರೆದಿಡಿ. ಆ ಚೀಟಿ ಕೋಚ್ ಕೈಗೆ ಕೊಟ್ಟು ಯಾವ ವಿಭಾಗ, ಏಕೆ ಅಂತ ಕೇಳಿ. ತಲೆ ಸುತ್ತು, ವಾಂತಿ, ಬೆವರು ನಿಂತುಹೋಗುವುದು, ತಡವರಿಸಿ ಮಾತಾಡುವುದು ಕಂಡರೆ ಪಂದ್ಯ ಬಿಟ್ಟು ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಯಾರು ಬೈದರೂ ಸರಿ.