ಮರದ ನೆಪ ಸಾಕು, ಎರಡೂ ಕಿವಿಗೆ ಒಂದೇ ದನಿ ಕೊಡಿ

ಮರದ ಕಪ್ (ಕಿವಿಯ ಮೇಲೆ ಕೂರುವ ಬಟ್ಟಲು) ಇರುವ ಹೆಡ್‌ಫೋನ್ ಮಾರುವವರು ಮೊದಲು ಹೇಳುವುದು ಮರದ ಹೆಸರು. ವಾಲ್ನಟ್, ಮಹಾಗನಿ, ಎಬನಿ. ಎಡಗಡೆ ಡ್ರೈವರಿಗೂ (ಒಳಗೆ ದನಿ ಹೊರಡಿಸುವ ಪುಟ್ಟ ಸ್ಪೀಕರ್) ಬಲಗಡೆ ಡ್ರೈವರಿಗೂ ಎಷ್ಟು ಹೊಂದಾಣಿಕೆ ಇದೆ ಅಂತ ಕೇಳಿ ನೋಡಿ, ಮಾತು ಅಲ್ಲಿಗೇ ನಿಲ್ಲುತ್ತದೆ. 30-40 ಸಾವಿರ ಕೊಟ್ಟು ಕೊಳ್ಳುವವರಿಗೆ ಮೊದಲು ಸಿಗಬೇಕಾದ ಮಾಹಿತಿ ಅದೇ ಅಲ್ವಾ?

ನಾನು ಕೊಂಡ ಜೋಡಿಯಲ್ಲಿ ಬಲಗಡೆ ಬೇಸ್, ಅಂದರೆ ತಗ್ಗಿನ ದನಿ, ತೆಳುವಾಗಿತ್ತು. ದೂರು ಕೊಟ್ಟೆ. ಸರ್ವಿಸ್‌ನವರ ಉತ್ತರ: "ಮರ ಅಂದ ಮೇಲೆ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತೆ ಸರ್." ಈ ಮಾತು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ಮರದ ಗೆರೆಗಳು ಬೇರೆ ಬೇರೆ ಇರಲಿ, ಬಣ್ಣ ಒಂದು ಕಡೆ ಸ್ವಲ್ಪ ಗಾಢ ಇರಲಿ, ಅದು ಚಂದವೇ. ದನಿಯಲ್ಲಿ ಆ ರಿಯಾಯಿತಿ ಇಲ್ಲ. ಎಡ ಬಲಕ್ಕೆ 1 ಡೆಸಿಬಲ್ ವ್ಯತ್ಯಾಸ ಬಂದರೆ ವೋಲ್ಟೇಜ್ ಲೆಕ್ಕದಲ್ಲಿ ಸುಮಾರು 12 ಶೇಕಡಾ ಹೆಚ್ಚುಕಡಿಮೆ. ಹಾಡುಗಾರರ ದನಿ ನಡುವಿನಿಂದ ಸರಿದದ್ದು ಗಮನ ಕೊಟ್ಟು ಕೇಳುವವರಿಗೆ ಗೊತ್ತಾಗಿಬಿಡುತ್ತದೆ. ಸ್ಪೀಕರಿನಲ್ಲಾದರೆ ಎರಡೂ ದನಿ ಕೋಣೆಯಲ್ಲಿ ಬೆರೆತು ಎರಡೂ ಕಿವಿಗೆ ಬರುತ್ತವೆ. ಹೆಡ್‌ಫೋನಿನಲ್ಲಿ ಆ ಬೆರಕೆ ಇಲ್ಲ. ಒಂದು ಕಿವಿಗೆ ಒಂದೇ ಡ್ರೈವರ್.

ಮರ ಇದ್ದರೆ ಹೊಂದಾಣಿಕೆ ಸಾಧ್ಯವಿಲ್ಲ ಅನ್ನುವುದೂ ಸುಳ್ಳು. ಬ್ರೂಕ್ಲಿನ್‌ನ ಗ್ರಾಡೋ ಕಂಪನಿ ತನ್ನ ಮಹಾಗನಿ ಕಪ್‌ನ ಆರ್‌ಎಸ್1 ಸರಣಿಗೆ ಡ್ರೈವರ್ ಹೊಂದಾಣಿಕೆ 0.05 ಡೆಸಿಬಲ್ ಅಂತ ಅಂಕಿ ಹಾಕಿಯೇ ಮಾರುತ್ತಿತ್ತು. ಅದು ಕಂಪನಿಯ ಮಾತು, ಇರಲಿ. ಆದರೆ ಒಂದು ಅಂಕಿ ಮುಂದಿಟ್ಟಿದ್ದಾರೆ, ಅದನ್ನು ಹಿಡಿದು ನಾವು ಪ್ರಶ್ನೆ ಕೇಳಬಹುದು. ಸೋನಿ 1989ರಲ್ಲಿ ತಂದ ಎಂಡಿಆರ್-ಆರ್10 ಹೆಡ್‌ಫೋನಿಗೆ ಜೆಲ್ಕೋವಾ ಮರದ ಕಪ್ ಇತ್ತು. ಅಷ್ಟಕ್ಕೇ ಅವರು ಸುಮ್ಮನಾಗಲಿಲ್ಲ. ಬ್ಯಾಕ್ಟೀರಿಯಾ ಹೆಣೆದ ಸೆಲ್ಯುಲೋಸಿನಿಂದ ಅದರ ಡಯಾಫ್ರಮ್, ಅಂದರೆ ಡ್ರೈವರಿನಲ್ಲಿ ಕಂಪಿಸುವ ತೆಳು ಪೊರೆ, ಮಾಡಿದರು. ಹೊರಗಿನ ಮರದಷ್ಟೇ ಶ್ರದ್ಧೆ ಒಳಗೂ ಇತ್ತು.

ನನ್ನ ಅಭಿಪ್ರಾಯದಲ್ಲಿ ಮುಚ್ಚಿದ ಕಪ್‌ನ ಹೆಡ್‌ಫೋನಿನಲ್ಲಿ ಎಡ ಬಲ ತಪ್ಪುವುದಕ್ಕೆ ಮರ ಕಾರಣವಾಗುವುದು ಕಡಿಮೆ. ಗಾಳಿ ಸೋರುವುದು ಜಾಸ್ತಿ. ಪ್ಯಾಡ್ (ಕಿವಿಯ ಮೆತ್ತೆ) ಕೂರುವ ರಿಂಗ್, ಡ್ರೈವರ್ ಹಿಡಿದ ಬ್ಯಾಫಲ್ ತಟ್ಟೆ, ಅದರ ಸುತ್ತಲಿನ ಫೋಮ್, ವಯರ್ ಒಳಗೆ ಹೋಗುವ ತೂತು, ಇಷ್ಟರಲ್ಲಿ ಎಲ್ಲಿ ಸಂದು ಬಿಟ್ಟರೂ ಆ ಕಡೆ ಬೇಸ್ ಹೋಯಿತು. ಮೇಲಿನ ಸ್ವರಗಳು ಹಾಗೇ ಇರುತ್ತವೆ. ಅದಕ್ಕೇ ಡ್ರೈವರೇ ಕೆಟ್ಟಿದೆ ಅಂತ ಜನ ಅಂದುಕೊಳ್ಳುತ್ತಾರೆ. ಫಾಸ್ಟೆಕ್ಸ್ ಕಂಪನಿಯ ಟಿಎಚ್ ಸರಣಿಯಂಥವುಗಳಲ್ಲಿ ಪ್ಯಾಡನ್ನು ತಿರುಗಿಸಿ ಲಾಕ್ ಮಾಡಬೇಕು. ಒಂದು ಹಲ್ಲು ಸರಿಯಾಗಿ ಕೂರದಿದ್ದರೂ ಸಾಕು, ಆ ಕಡೆ ಬೇಸ್ ಕಳೆದುಹೋಗುತ್ತದೆ.

ನನ್ನ ಜೋಡಿಯನ್ನು ಕೊನೆಗೆ ಬುಧವಾರ ಪೇಟೆಯ ತಪ್ಕೀರ್ ಗಲ್ಲಿಗೆ ಒಯ್ದೆ. ಪುಣೆಯಲ್ಲಿ ಎಲೆಕ್ಟ್ರಾನಿಕ್ಸ್ ಅಂದರೆ ಆ ಗಲ್ಲಿಯೇ. ರಿಪೇರಿ ಮಾಡುವವರು ವಿಜಯಪುರದ ಕಡೆಯವರು. ಪ್ಯಾಡ್ ಬಿಚ್ಚಿ, ರಿಂಗಿನ ಸುತ್ತ ಬೆರಳಾಡಿಸಿ, "ಇದು ಕಟ್ಟಿಗಿ ತಪ್ಪಲ್ರೀ ಸರ, ಇಲ್ಲಿ ಗಾಳಿ ಸೋರಾಕತ್ತೈತಿ" ಅಂದರು. ಬ್ಯಾಫಲ್ ಮರಕ್ಕೆ ಕೂರುವ ಕಡೆ ಒಂದು ಸ್ಕ್ರೂ ಮರದೊಳಗೆ ಹಿಡಿತ ಬಿಟ್ಟಿತ್ತು. ನೇರವಾಗಿ ಮರಕ್ಕೇ ಸ್ಕ್ರೂ ಹೊಡೆದಿದ್ದರು. ಆ ಜಾಗದಲ್ಲಿ ಒಂದು ಹಿತ್ತಾಳೆಯ ಇನ್ಸರ್ಟ್ (ಸ್ಕ್ರೂ ಹಿಡಿಯುವ ಕೊಳವೆ) ಕೂರಿಸಿದ್ದರೆ ಈ ತೊಂದರೆಯೇ ಬರುತ್ತಿರಲಿಲ್ಲ. ಹೊರಗೆ ಕನ್ನಡಿಯಂಥ ಪಾಲಿಶ್, ಒಳಗೆ ಇಷ್ಟು ಅಸಡ್ಡೆ. ಬಿಲ್ಡ್ ಕ್ವಾಲಿಟಿ ಅಂದರೆ ನನಗೆ ಆ ಸ್ಕ್ರೂ ತೂತು. ರೊಮೇನಿಯಾದ ಮೇಜ಼ೆ ಕಂಪನಿ 99 ಕ್ಲಾಸಿಕ್ಸ್ ಮಾಡುವಾಗ ಬಿಚ್ಚಿ ಜೋಡಿಸಲು ಬರುವ ಹಾಗೆ ಮಾಡಿದೆ. ವಾಲ್ನಟ್ ಕಪ್‌ಗಿಂತ ನಾನು ಮೆಚ್ಚುವುದು ಆ ಗುಣವನ್ನು.

ಈಗ ನೀವೇ ಪರೀಕ್ಷಿಸುವ ದಾರಿ. ಮೋನೋ ಧ್ವನಿಮುದ್ರಣ, ಅಂದರೆ ಎರಡೂ ಕಿವಿಗೆ ಒಂದೇ ದನಿ ಕೊಡುವಂಥದ್ದು, ಬೇಕು. ಕುಂದಗೋಳದ ಗಾಯಕ ಸವಾಯಿ ಗಂಧರ್ವರ ಹಳೆಯ 78 ಆರ್‌ಪಿಎಂ ತಟ್ಟೆಗಳ ಕಾಲದ್ದು ಯಾವುದಾದರೂ ಆಗುತ್ತದೆ. 1953ರಿಂದ ಪುಣೆಯಲ್ಲಿ ಸಂಗೀತೋತ್ಸವ ನಡೆಯುತ್ತಿರುವುದು ಅವರದೇ ಹೆಸರಲ್ಲಿ. ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಮೋನೋ ಆಡಿಯೋ ಅಂತ ಇರುತ್ತದೆ, ಅದನ್ನೂ ಆನ್ ಮಾಡಿ. ದನಿ ಹಣೆಯ ನಟ್ಟನಡುವೆ ಕೂರಬೇಕು. ಬಲಕ್ಕೋ ಎಡಕ್ಕೋ ವಾಲಿದರೆ ಹೆಡ್‌ಫೋನನ್ನು ಎಡ ಬಲ ತಿರುಗಿಸಿ ಹಾಕಿಕೊಳ್ಳಿ. ಆಗಲೂ ದನಿ ಅದೇ ಕಿವಿಯ ಕಡೆ ವಾಲಿದರೆ ವಿಷಯ ನಿಮ್ಮ ಕಿವಿಯದು, ಅಥವಾ ಕನ್ನಡಕದ ಕಡ್ಡಿ ಪ್ಯಾಡನ್ನು ಎತ್ತಿದೆ. ಇನ್ನೊಂದು ಕಿವಿಗೆ ಹೋದರೆ ತಪ್ಪು ಹೆಡ್‌ಫೋನಿನದು ಅಥವಾ ಆಂಪ್‌ನದು (ದನಿ ಹೆಚ್ಚಿಸುವ ಆಂಪ್ಲಿಫೈಯರ್). ಎರಡೂ ಕಪ್‌ಗೆ ಬೇರೆ ಬೇರೆ ಪ್ಲಗ್ ಇದ್ದರೆ ಅವನ್ನು ಅದಲು ಬದಲು ಮಾಡಿ. ದೋಷ ಅದೇ ಕಪ್‌ನಲ್ಲಿ ಉಳಿದರೆ ಹೆಡ್‌ಫೋನಿನದೇ ತಪ್ಪು. ಆಂಪ್‌ನ ವಾಲ್ಯೂಮ್ ನಾಬ್ ತೀರಾ ಕೆಳಗಿಟ್ಟು ಪರೀಕ್ಷಿಸಬೇಡಿ, ನಾಬ್ ಒಳಗಿನ ಸಾಮಾನ್ಯ ಪೊಟೆನ್ಶಿಯೋಮೀಟರಿನ ಎಡ ಬಲದ ಎರಡು ಪಟ್ಟಿಗಳು ಅಲ್ಲಿ ಹೊಂದಿಕೊಳ್ಳುವುದಿಲ್ಲ.

ಫೋನಿನ ಬ್ಯಾಲೆನ್ಸ್ ಸ್ಲೈಡರ್ ಸರಿಸಿ ಸಮಾಧಾನ ಮಾಡಿಕೊಳ್ಳಿ ಅಂತ ಸಲಹೆ ಕೊಡುವವರಿದ್ದಾರೆ. ಒಟ್ಟು ಮಟ್ಟ ಹೆಚ್ಚುಕಡಿಮೆ ಇದ್ದರೆ ಅದರಿಂದ ಆಗಬಹುದು. ಬರೀ ಬೇಸ್ ಸೋರುತ್ತಿದ್ದರೆ ಆಗುವುದಿಲ್ಲ. ಬೇಸ್ ಸರಿ ಮಾಡಲು ಹೋದರೆ ಹಾಡುಗಾರರ ದನಿ ಇನ್ನೊಂದು ಕಡೆ ಓಡುತ್ತದೆ.

ಮರದ್ದೇ ಪಾತ್ರ ಇರುವ ಒಂದು ಜಾಗ ಉಂಟು. ಅದು ಹವೆ. ಮಳೆಗಾಲದಲ್ಲಿ ಮನೆ ಬಾಗಿಲು ಬಿಗಿಯಾಗುತ್ತದಲ್ಲ, ಕಪ್‌ಗೂ ಹಾಗೇ. ಮರ ಎಲ್ಲ ದಿಕ್ಕಿಗೂ ಒಂದೇ ಸಮ ಹಿಗ್ಗುವುದಿಲ್ಲ. ಬೆಳವಣಿಗೆಯ ಉಂಗುರಗಳ ಗುಂಟ ಹಿಗ್ಗುವುದು, ಉಂಗುರಗಳಿಗೆ ಅಡ್ಡಲಾಗಿ ಹಿಗ್ಗುವುದಕ್ಕಿಂತ ಸುಮಾರು ಎರಡು ಪಟ್ಟು. ದುಂಡಗಿನ ಕಪ್ ಕೂದಲೆಳೆಯಷ್ಟು ಅಂಡಾಕಾರ ಆಗುತ್ತದೆ. ಮೆರುಗು ಹೊರಗೆ ಮಾತ್ರ ಬಳಿದು ಒಳಗೆ ಮರವನ್ನು ಬೆತ್ತಲೆ ಬಿಟ್ಟರೆ ತೇವ ಒಂದೇ ಕಡೆಯಿಂದ ಹೀರಿಕೊಂಡು ಬಾಗುತ್ತದೆ. ಪುಣೆಯ ಏಪ್ರಿಲ್ ಒಣಗಿಸುತ್ತದೆ, ಜುಲೈ ನೆನೆಸುತ್ತದೆ. ಮುಂಬೈ, ಗೋವಾದಲ್ಲಿ ಮಳೆಗಾಲದ ತೇವ, ಏಸಿ ಕೋಣೆಯ ಒಣ ಗಾಳಿ ಎರಡೂ ಒಂದೇ ದಿನ ಸಿಗುತ್ತವೆ. ಹಾಗಾಗಿ ಒಳಗೂ ಸೀಲ್ ಮಾಡಿದ್ದೀರಾ ಅಂತ ಕೇಳಿ.

ಮಾರುವವರಿಗೆ ನನ್ನ ಬೇಡಿಕೆ ದೊಡ್ಡದೇನಲ್ಲ. ಯಾವ ಸ್ವರ ಎಷ್ಟು ಜೋರು ಅನ್ನುವ ಗ್ರಾಫ್ ಮಾಡೆಲ್‌ನದು ಬೇಡ, ನನ್ನ ಸೀರಿಯಲ್ ನಂಬರಿನ ಜೋಡಿಯ ಎಡ ಬಲ ಗ್ರಾಫ್ ಒಂದೇ ಹಾಳೆಯಲ್ಲಿ ಕೊಡಿ. ಅಲ್ಲಿಯವರೆಗೆ, ಕೊಳ್ಳುವವರೇ, ಪೆಟ್ಟಿಗೆ ಬಂದ ದಿನವೇ ಮೋನೋ ಪರೀಕ್ಷೆ ಮಾಡಿ. ತಪ್ಪಿದ್ದರೆ ರಿಟರ್ನ್ ಅವಧಿಯೊಳಗೆ ವಾಪಸ್ ಕಳಿಸಿ. ಮಳೆಗಾಲ ಕಳೆದ ಮೇಲೆ, ವಾರಂಟಿ ಇರುವಾಗಲೇ, ಇನ್ನೊಮ್ಮೆ ಕೇಳಿ ನೋಡಿ.