ಸೂರ್ಯನ ಹಂಗು ಪೂರ್ತಿ ತಪ್ಪಿಲ್ಲ
ಕಡಲಾಳದ ಬಿಸಿನೀರ ಬುಗ್ಗೆಗಳದ್ದು ‘ಸೂರ್ಯನ ಹಂಗೇ ಇಲ್ಲದ ಜೀವಲೋಕ’ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಇದು ಅರ್ಧ ಮಾತ್ರ ನಿಜ. ಅಲ್ಲಿನ ದೈತ್ಯ ಕೊಳವೆಹುಳುವಿಗೆ ಬಾಯಿಯೂ ಇಲ್ಲ, ಕರುಳೂ ಇಲ್ಲ. ಒಡಲೊಳಗಿನ ಬ್ಯಾಕ್ಟೀರಿಯಾಗಳೇ ಅದನ್ನು ಸಾಕುತ್ತವೆ, ಒಪ್ಪಿದೆ. ಆದರೆ ಆ ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್‌ನಿಂದ ಶಕ್ತಿ ಪಡೆಯಲು ಆಮ್ಲಜನಕ ಬೇಕು. ಹುಳುವಿನ ಹಿಮೋಗ್ಲೋಬಿನ್ ಎರಡನ್ನೂ ಒಟ್ಟಿಗೆ ಹೊತ್ತು ತರುತ್ತದೆ. ಆ ಆಮ್ಲಜನಕ ಬಂದದ್ದೆಲ್ಲಿಂದ? ಮೇಲೆ ಬಿಸಿಲಿನಲ್ಲಿ ದ್ಯುತಿಸಂಶ್ಲೇಷಣೆ ನಡೆಸಿದ ಜೀವಿಗಳಿಂದ. ಧ್ರುವಗಳ ಕಡೆ ಮುಳುಗುವ ತಣ್ಣೀರು ಅದನ್ನು ಆಳಕ್ಕೆ ಒಯ್ಯುತ್ತದೆ.

ನಿಜವಾಗಿ ಬಿಸಿಲಿನ ಹಂಗಿಲ್ಲದೆ ಬದುಕಬಲ್ಲವು ಜಲಜನಕ ಮತ್ತು ಇಂಗಾಲದ ಡೈಆಕ್ಸೈಡ್‌ನಿಂದ ಮೀಥೇನ್ ತಯಾರಿಸುವ ಸೂಕ್ಷ್ಮಜೀವಿಗಳು. 2000ದಲ್ಲಿ ಅಟ್ಲಾಂಟಿಕ್‌ನಲ್ಲಿ ಕಂಡ ‘ಲಾಸ್ಟ್ ಸಿಟಿ’ ಎಂಬ ಬುಗ್ಗೆಗಳ ತಾಣದಲ್ಲಿ ಕಲ್ಲು, ನೀರು ಬೆರೆತೇ ಜಲಜನಕ ಹುಟ್ಟುತ್ತದೆ, ಶಿಲಾರಸದ ಕಾವು ಬೇಕಿಲ್ಲ. ಕಡಲಾಳದ ಬಿಸಿನೀರ ಬುಗ್ಗೆಗಳು ಮೊದಲು ಕಂಡ 1977ರ ಗಲಪಗೋಸ್ ಶೋಧಕ್ಕೆ ಅಷ್ಟು ಜಾಗ ಕೊಟ್ಟ ನೀವು ಇದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದು ಬೇಸರವಾಯಿತು. ಜೀವದ ಉಗಮವನ್ನು ಹುಡುಕುವವರಿಗೆ ಮುಖ್ಯವಾದದ್ದು ಇದೇ ಬುಗ್ಗೆ. ಆಗಿನ ಭೂಮಿಯ ಗಾಳಿಯಲ್ಲಿ ಆಮ್ಲಜನಕ ಇರಲೇ ಇಲ್ಲ ಎನ್ನುವಷ್ಟು ಕಡಿಮೆಯಿತ್ತಲ್ಲ. ಕೊಳವೆಹುಳುವಿನ ದಾರಿ ಅಂದು ತೆರೆದಿರಲಿಲ್ಲ.