ಮುಖ ತೋರಿಸಿ, ಪಾಠ ಆಮೇಲೆ

ಮುಖ ಗುರುತಿಸುವ ಆ್ಯಪ್ ಬಂದರೆ ಸರ್ಕಾರಿ ಶಾಲೆಗಳಲ್ಲಿ ಕಳ್ಳ ಹಾಜರಿ ನಿಲ್ಲುತ್ತದಂತೆ. ನಿಲ್ಲಲಿ. ಆದರೆ ಅದು ಮುಖದ ಜೊತೆ ಜಾಗವನ್ನೂ ನೋಡುತ್ತದೆ; ಹಾಗಾಗಿ ಮೊದಲು ಮೇಷ್ಟ್ರು ಎಲ್ಲಿ ನಿಲ್ಲಬೇಕು ಎಂಬುದು ಇತ್ಯರ್ಥವಾಗಬೇಕು. ಆರ್‌ಸಿಸಿ ಛಾವಣಿಯಡಿ ಫೋನಿಗೆ ಉಪಗ್ರಹ ಸರಿಯಾಗಿ ಸಿಗುವುದಿಲ್ಲ. ಟವರ್ ನೋಡಿ ಅಂದಾಜು ಹಾಕುತ್ತದೆ. ಆ ಅಂದಾಜಿನಲ್ಲಿ, ಕುರ್ಚಿಯಲ್ಲೇ ಕೂತ ಮುಖ್ಯ ಶಿಕ್ಷಕರು ಊರಾಚೆಯ ಕೆರೆಯೊಳಗಿರುತ್ತಾರೆ. ‘ನೀವು ಶಾಲಾ ಆವರಣದಲ್ಲಿಲ್ಲ’ ಎಂದ ಫೋನಿನ ಜೊತೆ ವಾದವುಂಟೇ? ಧ್ವಜಕಟ್ಟೆ ಹತ್ತಿ ಎತ್ತಿ ಹಿಡಿಯಬೇಕು. ಅಲ್ಲಿ ಜಿಪಿಎಸ್ ಸಿಗುತ್ತದೆ, ನೆಟ್‌ವರ್ಕ್ ಸಿಗುವುದಿಲ್ಲ. ನೆಟ್‌ವರ್ಕ್ ಇರುವುದು ಬಿಸಿಯೂಟದ ಕೋಣೆಯ ಹಿಂದೆ.

ಮಕ್ಕಳದು ಇನ್ನೂ ಸೊಗಸು. ಬಾಗಿಲಿಗೆ ಬೆನ್ನು ಮಾಡಿ ನಿಂತರೆ ಮುಖ ಬರೀ ಕಪ್ಪು. ಜೂನ್ ಫೋಟೊದಲ್ಲಿದ್ದ ಎರಡು ಹಾಲುಹಲ್ಲು ದೀಪಾವಳಿಗೆ ಇರುವುದಿಲ್ಲ. ಜಾತ್ರೆಯಲ್ಲಿ ಮುಡಿ ಕೊಟ್ಟು ಬಂದವನನ್ನು ಹೆತ್ತವ್ವನೇ ಎರಡು ಸಲ ನೋಡುತ್ತಾಳೆ, ಇನ್ನು ಆ್ಯಪ್ ಯಾವ ಲೆಕ್ಕ! ಮುಖಕ್ಕೆ 15 ಸೆಕೆಂಡ್ ಎಂದರೂ 40 ಮಕ್ಕಳಿಗೆ 10 ನಿಮಿಷ; ‘ಮತ್ತೆ ಪ್ರಯತ್ನಿಸಿ’ಗಳನ್ನು ಸೇರಿಸಿದರೆ ಮೊದಲ ಪಿರಿಯಡ್ ಅಲ್ಲಿಗೆ ಮುಗಿಯಿತು. ಹೆಸರು ಕೂಗಿದ್ದರೆ ಎರಡೇ ನಿಮಿಷ. ಹಾಗಂತ ಹಾಜರಿ ಪುಸ್ತಕ ಬಿಡುವಂತಿಲ್ಲ, ಬಿಸಿಯೂಟದ ಲೆಕ್ಕಕ್ಕೂ ಅದೇ ಸಂಖ್ಯೆಯನ್ನು ಇನ್ನೊಮ್ಮೆ ತುಂಬಬೇಕು. ಮೂರೂ ತಾಳೆಯಾಗದಿದ್ದರೆ ಸುತ್ತಲಿನ ಶಾಲೆಗಳ ಉಸ್ತುವಾರಿ ನೋಡುವ ಸಿಆರ್‌ಪಿಯ ಫೋನ್ ಬರುತ್ತದೆ, ಆಗ ಮಾತ್ರ ನೆಟ್‌ವರ್ಕ್ ಚೆನ್ನಾಗಿರುತ್ತದೆ.

ಇಷ್ಟಾದರೂ ಕಳ್ಳರು ಸುಮ್ಮನಿರುತ್ತಾರೆಯೇ? ನರೇಗಾ ಹಾಜರಿ ಆ್ಯಪ್‌ನಲ್ಲಿ ಕೂಲಿಕಾರರ ಬದಲು ಫೋಟೊದ ಫೋಟೊ ಹೊಡೆದು ಏರಿಸುತ್ತಿದ್ದಾರೆಂದು 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಬರೆದಿತ್ತು.

ಆದರೆ ಮೇಷ್ಟ್ರು ಎಲ್ಲಿದ್ದಾರೆಂದು ಹುಡುಕಲು ಸರ್ಕಾರಕ್ಕೆ ಆ್ಯಪ್ ಯಾಕೆ ಬೇಕು? ಕಳಿಸಿದ್ದು ತಾನೇ ಅಲ್ಲವೇ! ಮತದಾರರ ಪಟ್ಟಿ ಹಿಡಿಸಿ ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ, ಮಾಡಿದ್ದು ಯಾರು? 2025ರ ಸೆಪ್ಟೆಂಬರ್ 22ಕ್ಕೆ ಶುರುವಾದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ಸುತ್ತಿಸಿದ್ದು ಯಾರು? ಅಲ್ಲೂ ಆ್ಯಪ್, ಅಲ್ಲೂ ಸರ್ವರ್ ಕಾಟ. ಕೆಲಸ ಮುಗಿಯಲಿಲ್ಲವೆಂದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಶೈಕ್ಷಣಿಕ ಸಮೀಕ್ಷೆ ನಡೆಯಲೆಂದು ಶಾಲೆಗೇ ಬೀಗ!

ಇನ್ನು ಏಕೋಪಾಧ್ಯಾಯ ಶಾಲೆ. ಇರುವ ಒಬ್ಬರೇ ಮೇಡಂ ಆ್ಯಪ್ ತರಬೇತಿಗೆಂದು ತಾಲ್ಲೂಕಿಗೆ ಹೋದರೆ ಅದು ಓಒಡಿ, ಅಂದರೆ ಅನ್ಯ ಕಾರ್ಯ ನಿಮಿತ್ತ. ಅವರ ಲೆಕ್ಕ ಚೊಕ್ಕ. ಮಕ್ಕಳು ಪಕ್ಕದ ಅಂಗನವಾಡಿಯಲ್ಲಿ. ದೊಡ್ಡ ಶಾಲೆಗಳಲ್ಲಿ ಆ ತಾಪತ್ರಯವಿಲ್ಲ. ಅಲ್ಲಿ ಗಣಿತದ ಹುದ್ದೆ ಖಾಲಿಯೇ ಇರುವುದರಿಂದ, ಆ ಮೇಷ್ಟ್ರು ಒಂದು ದಿನವೂ ತಡವಾಗಿ ಬಂದ ದಾಖಲೆಯಿಲ್ಲ.